ಕಡ್ಡಿ, ಪೆಟ್ಟಿಗೆ, ಹಗ್ಗ

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಹೆಣ್ಣು ನೋಡಲು ಹೋದ ಎಲ್ಲರಿಗೂ ಮೊದಲು ಉಪ್ಪಿಟ್ಟು ಬರುತ್ತದೆ, ನನಗೆ ಮೊದಲು ಒಗಟು ಬಂತು.

ಆಗ ನಿಜಾಮರ ಕಾಲ. ಮಾನವಿಯ ಶಾಲೆಯಲ್ಲಿ ನಾನು ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದೆ, ಹುಡುಗರು ಕನ್ನಡದಲ್ಲಿ ತಪ್ಪು ಮಾಡುತ್ತಿದ್ದರು. ಹೆಣ್ಣಿನ ತಂದೆ ದೇವದುರ್ಗದ ಬಡಗಿ. ಊರಿನ ಅರ್ಧ ಬಾಗಿಲು ಅವರ ಕೈಯವು; ಪುಣ್ಯಕ್ಕೆ ಅವೆಲ್ಲ ತೆಗೆಯಲು ಬರುತ್ತಿದ್ದವು. ಬುದ್ಧಿ ಪರೀಕ್ಷೆಯ ಆಟವೆಂದರೆ ಅವರಿಗೆ ಹುಚ್ಚು. ಪಾಸಾಗದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಮೊದಲೇ ಹೇಳಿಬಿಟ್ಟರು. ನೀರು ಕೊಡಲು ಬಂದ ಹುಡುಗಿಯನ್ನು ಒಂದು ಸಲ ನೋಡಿದ ಮೇಲೆ ನಾನು ಯಾವ ಪರೀಕ್ಷೆಗೂ ತಯಾರಿದ್ದೆ.

ಕಡ್ಡಿ

ಬಡಗಿ ಬೆಂಕಿಕಡ್ಡಿಗಳನ್ನು ಜೋಡಿಸಿ ಚಾಪೆಯ ಮೇಲೆ ಒಂದು ಎತ್ತು ಮಾಡಿದರು.

"ಎರಡ ಕಡ್ಡಿ ಸರಿಸಿ, ಎತ್ತು ಆ ಕಡಿ ಮುಖ ಮಾಡೂವಂಗ ಮಾಡ್ರಿ, ಮಾಸ್ತರ."

ನಾನು ಯೋಚಿಸುತ್ತ ಕುಳಿತೆ. ಯುದ್ಧದ ದಿನಗಳು, ಬೆಂಕಿಪೆಟ್ಟಿಗೆ ಸಿಗುವುದೇ ಕಷ್ಟ. ಅವರ ಹೆಂಡತಿ ಒಳಗಿಂದ ಬಂದು, "ಒಲಿ ಹಚ್ಚಬೇಕ್ರಿ" ಎಂದು ಎತ್ತಿನ ಹಿಂಗಾಲೊಂದನ್ನು ತೆಗೆದುಕೊಂಡು ಹೋದರು. ಗಾಳಿಗೆ ಅದು ಆರಿತು. ಮತ್ತೆ ಬಂದು ಬಾಲ ಒಯ್ದರು. ನಾನು ಇನ್ನೂ ಯೋಚಿಸುತ್ತಲೇ ಇದ್ದೆ. ಉಪ್ಪಿಟ್ಟು ಬರುವ ಹೊತ್ತಿಗೆ ಚಾಪೆಯ ಮೇಲೆ ಎತ್ತಿನ ತಲೆಯೊಂದೇ ಉಳಿದಿತ್ತು.

ಬಡಗಿ ಅದನ್ನೇ ದಿಟ್ಟಿಸಿ ನೋಡಿ, "ಈಗ ಇನ್ನೂ ಸರಳ ಆತು ನೋಡ್ರಿ" ಎಂದರು.

ಪೆಟ್ಟಿಗೆ

ಅದೂ ನನ್ನಿಂದ ಆಗಲಿಲ್ಲ. ಆದರೆ ಕಡ್ಡಿ ಖರ್ಚಾದದ್ದು ನನ್ನ ತಪ್ಪಲ್ಲವೆಂದು ಬಡಗಿ ಒಪ್ಪಿಕೊಂಡರು. ವಾರದ ಮೇಲೆ ಮಾನವಿಗೆ ಒಂದು ತೇಗದ ಪೆಟ್ಟಿಗೆ ಕಳಿಸಿದರು. ಬೀಗವಿಲ್ಲ, ಕೀಲಿಯಿಲ್ಲ, ಹಲಗೆ ಕೂಡಿದ ಗೆರೆಯೂ ಕಾಣುವುದಿಲ್ಲ.

"ಹೆಣ್ಣು ಕೊಡ್ತಾರೋ ಇಲ್ಲೋ, ಜವಾಬು ಇದರಾಗ ಅದರಿ. ಒಡೀಬಾರದಂತ" ಎಂದ, ತಂದವನು.

ಎಳೆದೆ, ಒತ್ತಿದೆ, ಅಲ್ಲಾಡಿಸಿದೆ. ಒಳಗೆ ಕಾಗದ ಸರಸರ ಎನ್ನುತ್ತಿತ್ತು. ಹೆಡ್‌ಮಾಸ್ತರರು ರಾಯಚೂರಿಗೆ ಹೋದಾಗ ಬೀಗ ರಿಪೇರಿಯವನಿಗೆ ತೋರಿಸಿಕೊಂಡು ಬಂದರು. "ಒಂದು ಬೀಗ ಹಾಕಿಸ್ಕೊಂಡು ಬರ್ರಿ, ತೆಗದು ಕೊಡ್ತೀನಿ" ಅಂದನಂತೆ.

ಮೂರನೆಯ ವಾರ ಶಾಲೆಯ ಜವಾನ ಕಸ ಹೊಡೆಯುವಾಗ ಪೆಟ್ಟಿಗೆಯನ್ನು ಬೋರಲು ಹಾಕಿ ಒರೆಸಿದ. ತಳದ ಹಲಗೆ ಸರಕ್ಕನೆ ಜಾರಿತು. ಕಾಗದ ತೆಗೆದು ಓದಿದೆ.

"ಪೆಟ್ಟಿಗೆ ತೆಗೆದಿದ್ದೀರಿ, ಬುದ್ಧಿವಂತರು. ಸಂಬಂಧ ಒಪ್ಪಿಗೆ. ಬರುವ ಸೋಮವಾರ ಬಂದು ವೀಳ್ಯ ಬದಲಿಸಿಕೊಳ್ಳಿ. ಬರದಿದ್ದರೆ ಬೇರೆ ಗಂಡು ನೋಡುತ್ತೇವೆ."

ಆ ಸೋಮವಾರ ಹೋಗಿ ಮತ್ತೆರಡು ಸೋಮವಾರ ಆಗಿದ್ದವು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಜವಾನ ನೊಂದುಕೊಂಡ: "ಮೊದಲ ಹೇಳಬಾರದೇನ್ರೀ, ಮಾಸ್ತರ? ದಿನಾ ಕಸಾ ಹೊಡೀತಿದ್ದೆ."

ಹಗ್ಗ

ಮರುದಿನವೇ ದೇವದುರ್ಗಕ್ಕೆ ಓಡಿದೆ. ಬೇರೆ ಗಂಡು ಇನ್ನೂ ಸಿಕ್ಕಿರಲಿಲ್ಲ. ಕೈಮುಗಿದು ಬೇಡಿಕೊಂಡ ಮೇಲೆ ಬಡಗಿ, "ಕಡೀದೊಂದು ನೋಡೋಣು" ಎಂದರು. ಒಂದು ಹಗ್ಗದ ಎರಡು ತುದಿಗಳನ್ನು ನನ್ನ ಎರಡು ಮಣಿಕಟ್ಟಿಗೆ ಕಟ್ಟಿದರು. ಇನ್ನೊಂದು ಹಗ್ಗವನ್ನು ಅದರೊಳಗಿಂದ ಹಾಯಿಸಿ ತಮ್ಮ ಮಣಿಕಟ್ಟುಗಳಿಗೆ ನನ್ನಿಂದಲೇ ಕಟ್ಟಿಸಿಕೊಂಡರು.

"ಕೊಯ್ಯಬಾರದು, ಗಂಟು ಬಿಚ್ಚಬಾರದು. ನಾವಿಬ್ಬರೂ ಬ್ಯಾರೆ ಆಗಬೇಕು. ಆದ್ರ ಮಗಳು ನಿಮಗ."

ನಾನು ಅವರ ತೋಳಿನ ಕೆಳಗೆ ನುಸುಳಿದೆ. ಅವರು ನನ್ನ ಹಗ್ಗ ದಾಟಿದರು. ಒಮ್ಮೆ ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದೆವು. ಹೇಗೆ ಎನ್ನುವುದು ಇಬ್ಬರಿಗೂ ತಿಳಿಯಲಿಲ್ಲ. ತಾಸು ಕಳೆಯಿತು.

"ನನಗ ಹೊಳೀವಲ್ದು, ಯಜಮಾನ್ರ. ನೀವ ತೋರಿಸ್ರಿ."

ಬಡಗಿ ಗೋಡೆಯ ಕಡೆ ಮುಖ ತಿರುಗಿಸಿದರು. "ರಾಯಚೂರಾಗ ಒಬ್ಬಾಂವ ಇಬ್ಬರಿಗೆ ಕಟ್ಟಿ ತೋರಿಸಿದ್ದ. ಬಿಡಿಸೋದು ತೋರಿಸೂದ್ರಾಗ ನನ್ನ ಬಸ್ ಬಂತು."

ಬಿಚ್ಚಿದರೆ ನಾನು ಫೇಲು, ಸಂಬಂಧವೂ ಹೋಯಿತು. ಅದಕ್ಕೆ ಹಾಗೆಯೇ ಕುಳಿತೆ. ಅಷ್ಟರಲ್ಲಿ ಬಾಗಿಲು ಮಾಡಿಸಲು ಬಂದ ಬಟ್ಟೆ ವ್ಯಾಪಾರಿ ಚಾಚಾ ನಮ್ಮನ್ನು ನೋಡಿ ನಿಂತರು.

"ಯೇ ಕ್ಯಾ, ಮಿಸ್ತ್ರೀ? ಯಾರು ಇಂವಾ?"

"ಪಾಸಾದ್ರ ಅಳಿಯ."

"ಅರೇ! ಓಡಿ ಹೋಗ್ತಾನಂತ ಕಟ್ಟಿ ಹಾಕೀರೇನು?"

ಒಳಗೆ ಯಾರೋ ನಕ್ಕರು. ಹುಡುಗಿ ಹೊರಗೆ ಬಂದಳು. "ಯಪ್ಪಾ, ಕೈ ಸಡ್ಲ ಬಿಡು" ಎಂದು ನನ್ನ ಹಗ್ಗದ ನಡುಭಾಗ ಹಿಡಿದು, ಅಪ್ಪನ ಮಣಿಕಟ್ಟಿನ ಕುಣಿಕೆಯೊಳಗೆ ತೂರಿಸಿ, ಕೈಬೆರಳ ಮೇಲಿಂದ ದಾಟಿಸಿದಳು. ಗಂಟುಗಳು ಹಾಗೇ ಇದ್ದವು, ನಾವಿಬ್ಬರೂ ಬೇರೆಯಾಗಿದ್ದೆವು.

ಬಡಗಿಯ ಮುಖ ಇಳಿಯಿತು. "ಬಿಡಿಸಿದಾಕಿ ಮಗಳು. ಮಾಸ್ತರಗ ಬುದ್ಧಿ ಇಲ್ಲಂತ ಖರೇ ಆತು. ಹೆಂಗ ಕೊಡೂದು?"

ಅವರ ಹೆಂಡತಿ ಹೊಸ್ತಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡರು.

"ಕೊಟ್ಟ ಬಿಡ್ರಿ. ಮನ್ಯಾಗ ಒಬ್ಬರಿಗೆ ಬುದ್ಧಿ ಇದ್ರ ಸಾಕು. ನಮ್ಮದು ಇಪ್ಪತ್ತ ವರ್ಷ ಹಂಗ ನಡದಿಲ್ಲೇನು?"