ಅಳಿಯಂದಿರ ಫಿನಾಯಿಲು

ಬಸವಪ್ರಸಾದ್: ಓದ್ಬೇಡ ಕಣೇ, ಸೈನ್ ಮಾಡು ಸಾಕು. ಇಷ್ಟು ವರ್ಷ ಯಾವತ್ತಾದ್ರೂ ಓದಿ ಮಾಡಿದ್ಯಾ?

ನಯನ: ಇಷ್ಟು ವರ್ಷ ನನ್ ತಮ್ಮನ ಹೆಸರಿರೋ ಕಾಗ್ದ ತಂದಿರ್ಲಿಲ್ಲ ನೀವು.

ಬಸವಪ್ರಸಾದ್: ಕಂಪ್ನಿ ಅಂದ್ಮೇಲೆ ತಮ್ಮ, ಬಾವ ಅಂತ ಏನಿಲ್ಲ. ರಿಸಲ್ಟ್ ಅಷ್ಟೆ.

ನಯನ: ಇದು ಅಡುಗೆಮನೆ ಕಣ್ರೀ. ಹಾಲಿಟ್ಟಿದ್ದೀನಿ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ.

ಬಸವಪ್ರಸಾದ್ ಆ ಕಡೆ ನಿಂತುಕೊಂಡರು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಅವರದೊಂದು ಫಿನಾಯಿಲ್ ಫ್ಯಾಕ್ಟರಿ. ಅವರದು ಅನ್ನುವುದು ಊರಿನವರ ಮಾತು. ಮಹಿಳಾ ಉದ್ಯಮಿಗಳಿಗೆ ಬಡ್ಡಿಯಲ್ಲಿ ರಿಯಾಯಿತಿ ಸಿಗುತ್ತದೆ ಅಂತ ಕಾಗದಪತ್ರವನ್ನೆಲ್ಲ ಹೆಂಡತಿಯ ಹೆಸರಿನಲ್ಲಿ ಮಾಡಿಸಿದ್ದರಿಂದ ಮಾಲೀಕಳು ನಯನ. ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ ‘ಬಸವಪ್ರಸಾದ್, ಮ್ಯಾನೇಜಿಂಗ್ ಡೈರೆಕ್ಟರ್’ ಎಂದಿತ್ತು. ಬೋರ್ಡು ಬರೆಸುವುದಕ್ಕೆ ಯಾರ ಸಹಿಯೂ ಬೇಕಾಗುವುದಿಲ್ಲ.

ಹೋದ ತಿಂಗಳು ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಸೇಲ್ಸ್ ತರಬೇತಿ ಮುಗಿಸಿ ಬಂದ ಮೇಲೆ, ತಮ್ಮ ಕಂಪನಿಯಲ್ಲಿ ‘ಕಲ್ಚರ್’ ಅನ್ನುವುದೇ ಇಲ್ಲ ಎಂದು ತಿಳಿದು ಅವರಿಗೆ ವಿಪರೀತ ಸಂಕಟವಾಗಿತ್ತು. ಮರುದಿನದಿಂದಲೇ ಕಲ್ಚರ್ ಶುರುವಾಯಿತು. ಬೆಳಿಗ್ಗೆ ಎಲ್ಲರೂ ದುಂಡಗೆ ನಿಂತು ಚಪ್ಪಾಳೆ ತಟ್ಟಿ ‘ಗೆಲ್ಲೋದು ನಾವೇ’ ಎಂದು ಕೂಗಬೇಕು. ಯಾರ ಮೇಲೆ ಗೆಲ್ಲುವುದೆಂದು ಕೇಳುವ ಹಾಗಿಲ್ಲ. ಗೋಡೆಯ ಮೇಲೆ ‘ಫಲಿತಾಂಶವೇ ನಮ್ಮ ಉಸಿರು’ ಎಂದು ದೊಡ್ಡದಾಗಿ ಬರೆಸಿದರು. ಫಿನಾಯಿಲಿನ ಘಾಟಿಗೆ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಅದನ್ನು ಓದುತ್ತಿದ್ದರು. ಎಲ್ಲರಿಗಿಂತ ಕಡಿಮೆ ಮಾರಿದವನನ್ನು ಮನೆಗೆ ಕಳಿಸಿದರೆ ಉಳಿದವರು ಓಡೋಡಿ ಕೆಲಸ ಮಾಡುತ್ತಾರೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ಕಡಿಮೆಯವನು ಟಿ. ನರಸೀಪುರದ ಲೈನಿನಲ್ಲಿ ಅಂಗಡಿ ಅಂಗಡಿಗೆ ಮಾಲು ಹಾಕುವ ನಂಜೇಶ, ನಯನಾಳ ಒಬ್ಬನೇ ತಮ್ಮ. ಅವನನ್ನು ತೆಗೆಯುವ ಕಾಗದಕ್ಕೆ ಈಗ ಅವಳದೇ ಸಹಿ ಬೇಕಾಗಿತ್ತು.

ನಯನ: ನರಸೀಪುರಾನ ಅವನಿಗ್ಯಾಕೆ ಕೊಟ್ರಿ?

ಬಸವಪ್ರಸಾದ್: ಸ್ವಂತ ಊರು ಪಕ್ಕದಲ್ಲೇ ಇದೆ. ಎಲ್ಲಾ ಅವನ ಜನವೇ. ಲೋಕಲ್ ಕನೆಕ್ಷನ್ ಅಂತಾರೆ ಇದಕ್ಕೆ.

ನಯನ: ಸರಿ. ಆ ಜನಕ್ಕೆ ನೀವೇನಾಗ್ಬೇಕು?

ಬಸವಪ್ರಸಾದ್: ಅಳಿಯ.

ನಯನ: ಅಳಿಯಂದಿರ ಮನೆ ಫಿನಾಯಿಲಿಗೆ ಯಾರ್ರೀ ದುಡ್ಡು ಕೊಡ್ತಾರೆ?

ಇದು ಸುಳ್ಳಲ್ಲ. ನಯನಾಳ ತೌರೂರು ಸೋಸಲೆಯಿಂದ ನರಸೀಪುರದವರೆಗೆ ಯಾವ ಅಂಗಡಿಗೆ ಹೋದರೂ ನಂಜೇಶನಿಗೆ ಕಾಫಿ ಸಿಗುತ್ತಿತ್ತು. ಅಕ್ಕ ಹೇಗಿದ್ದಾಳೆ ಎಂದು ವಿಚಾರಿಸಿ, ಒಂದು ಕ್ಯಾನನ್ನು ಒಳಗಿಟ್ಟುಕೊಂಡು, ಅಳಿಯಂದಿರನ್ನು ಕೇಳಿದೆ ಅಂತ ಹೇಳಪ್ಪ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ದುಡ್ಡು ಕೇಳಿದರೆ ಹುಡುಗ ತಮಾಷೆ ಮಾಡುತ್ತಿದ್ದಾನೆಂದು ನಗುತ್ತಿದ್ದರು. ಬಸವಪ್ರಸಾದರ ಪ್ರಕಾರ ಇವೆಲ್ಲ ಕೈಲಾಗದವರ ನೆಪ. ಹಾಗಾದರೆ ಒಂದು ದಿನ ನೀವೇ ಹೋಗಿ, ಒಂದು ಬಾಕ್ಸ್ ಮಾರಿಕೊಂಡು ಬಂದರೆ ಓದದೆ ಸಹಿ ಹಾಕುತ್ತೇನೆ ಎಂದಳು ನಯನ.

ನಯನ: ಆಗ್ದಿದ್ರೆ?

ಬಸವಪ್ರಸಾದ್: ಆಗ್ದಿದ್ರೆ ಅನ್ನೋ ಮಾತೇ ಆಡ್ಬಾರ್ದು ಅಂತ ಟ್ರೈನಿಂಗಲ್ಲಿ ಹೇಳಿದಾರೆ.

ನಯನ: ನಿಮಗೆ ಹೇಳಿದಾರೆ. ನಮ್ಮೂರೋರಿಗೆ ಹೇಳಿಲ್ವಲ್ಲ.

ಮರುದಿನ ನಂಜೇಶನನ್ನು ಫ್ಯಾಕ್ಟರಿಯಲ್ಲಿ ಬಿಟ್ಟು ಬಸವಪ್ರಸಾದ್ ತಾವೇ ಲೈನಿಗೆ ಹೊರಟರು. ಚಪ್ಪಾಳೆ ಹೊಡೆಸುವವರಿಲ್ಲದೆ ಅವತ್ತು ಫ್ಯಾಕ್ಟರಿಯಲ್ಲಿ ಕೆಲಸ ಬೇಗ ಮುಗಿಯಿತಂತೆ. ಮಾರುಕಟ್ಟೆಗೆ ಇಳಿಯುವಾಗ ಮಾಲೀಕನೆಂಬ ಹಮ್ಮು ಬಿಡಬೇಕು ಎಂದು ತರಬೇತಿಯಲ್ಲಿ ಹೇಳಿದ್ದರಿಂದ ಕಾರನ್ನು ಮನೆಯಲ್ಲೇ ಬಿಟ್ಟು, ಟೈ ಕಟ್ಟಿಕೊಂಡು, ಲಗೇಜ್ ಆಟೋದಲ್ಲಿ ಡ್ರೈವರಿನ ಪಕ್ಕ ಕುಳಿತರು. ಸೋಸಲೆ ತಲುಪುವಷ್ಟರಲ್ಲಿ ಟೈ ಬೆವರಿಗೆ ಒದ್ದೆಯಾಗಿತ್ತು. ಮೊದಲ ಅಂಗಡಿ ಚಿಕ್ಕಬಸಪ್ಪನವರದು. ಅವರು ನಯನಾಳ ದೊಡ್ಡಪ್ಪ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು. ಬಾಕ್ಸನ್ನು ಹೆಗಲ ಮೇಲಿಟ್ಟುಕೊಂಡು ಬಂದ ಅಳಿಯನನ್ನು ಕಂಡು ಅವರು ತೂಕ ಮಾಡುತ್ತಿದ್ದ ಬೇಳೆಯನ್ನು ಅಲ್ಲೇ ಬಿಟ್ಟರು.

ಚಿಕ್ಕಬಸಪ್ಪ: ಏನ್ ಅಳಿಯಂದ್ರೆ, ಲಗೇಜ್ ಆಟೋದಲ್ಲಿ ಬಂದ್ರಿ. ಕಾರ್ ಏನಾಯ್ತು?

ಬಸವಪ್ರಸಾದ್: ಇವತ್ತಿಂದ ಕಾರು ಗೀರು ಏನಿಲ್ಲ ಮಾವ. ಕಂಪ್ನೀಲಿ ಎಲ್ಲಾ ಬದಲಾಯಿಸ್ತಿದ್ದೀನಿ.

ಚಿಕ್ಕಬಸಪ್ಪ: ಎಲ್ಲಾ ಅಂದ್ರೆ?

ಬಸವಪ್ರಸಾದ್: ಎಲ್ಲಾನೂ. ಕೆಲವ್ರನ್ನ ಕೆಲಸದಿಂದ ತೆಗೀತಿದ್ದೀನಿ. ನಂಜೇಶನ್ನೂ ಇಟ್ಕೊಳ್ಳೋಕಾಗಲ್ಲ.

ಚಿಕ್ಕಬಸಪ್ಪ: ಭಾಮೈದನ್ನೂ ಇಟ್ಕೊಳಕಾಗ್ದಷ್ಟು ಆಗೋಗದಾ?

ಬಸವಪ್ರಸಾದ್: ಅದಿರ್ಲಿ ಮಾವ, ಒಂದು ಬಾಕ್ಸ್ ತಗೊಳ್ಳಿ. ಕ್ಯಾಷಾದ್ರೆ ಒಳ್ಳೇದು.

ಅಳಿಯನ ಬಾಯಲ್ಲಿ ಕ್ಯಾಷೆಂಬ ಮಾತು ಬಂದದ್ದೇ ತಡ, ಚಿಕ್ಕಬಸಪ್ಪನವರು ಗಲ್ಲಾದಿಂದ ಇಳಿದು ಬಂದು ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದರು. ಅಳಿಯನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಚಿಕ್ಕಬಸಪ್ಪ: ನಮ್ ನಯ್ನ ಚೆನ್ನಾಗವ್ಳಾ?

ಬಸವಪ್ರಸಾದ್: ಚೆನ್ನಾಗಿದ್ದಾಳೆ ಮಾವ. ಬಿಸಿನೆಸ್ಸೂ ಚೆನ್ನಾಗೇ ನಡೀತಿದೆ.

ಚಿಕ್ಕಬಸಪ್ಪ: ಗೊತ್ತು ಬುಡಿ. ಮರ್ಯಾದಸ್ಥರು ಅಂಗೇ ಏಳದು.

ಅವರು ಬೆಲೆ ಕೇಳಲಿಲ್ಲ. ಒಂದಲ್ಲ, ಐದು ಬಾಕ್ಸ್ ಇಳಿಸಿಕೊಂಡು ಜೇಬಿಗೆ ದುಡ್ಡು ತುರುಕಿದರು. ಎಷ್ಟು ವಿವರಿಸಿದರೂ ಕೇಳದ ಮೇಲೆ, ಕೊಂಡುಕೊಳ್ಳುವವನ ಜೊತೆ ವಾದ ಮಾಡಬಾರದೆಂಬ ತರಬೇತಿಯ ಮಾತು ನೆನಪಾಗಿ ಬಸವಪ್ರಸಾದ್ ಮುಂದಿನ ಅಂಗಡಿಗೆ ಹೊರಟರು. ಅಲ್ಲಿಂದ ಮುಂದೆ ನಡೆದದ್ದು ಅವರಿಗೇ ನಂಬಲಾಗಲಿಲ್ಲ. ಕಲಿತು ಬಂದ ಭಾಷಣವನ್ನು ಅರ್ಧ ಹೇಳುವಷ್ಟರಲ್ಲಿ ಅಂಗಡಿಯವರು ಕಣ್ಣು ತುಂಬಿಕೊಂಡು ಬಾಕ್ಸ್ ಇಳಿಸುತ್ತಿದ್ದರು. ಭಾಷಣ ಅಷ್ಟು ಮನಸ್ಸಿಗೆ ತಟ್ಟುವ ಹಾಗಿದೆಯೆಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಹೆಂಡತಿಯ ತೌರುಮನೆಗೆ ಹೋದರೆ, ಮದುವೆಯಾದಾಗಿನಿಂದ ಬಾಗಿಲ ಹಿಂದೆ ನಿಂತೇ ಮಾತನಾಡಿಸುತ್ತಿದ್ದ ಅತ್ತೆ ಪುಟ್ಟಬಸಮ್ಮ ಸೀದಾ ಎದುರಿಗೆ ಬಂದು, ಧೈರ್ಯವಾಗಿರಿ ಎಂದು ಹೇಳಿ, ಆಟೋದ ಖಾಲಿ ಜಾಗಕ್ಕೆ ಅಕ್ಕಿ ಮೂಟೆ ಹಾಕಿಸಿದರು. ಬಸವಪ್ರಸಾದರಿಗೆ ಒಳಗೊಳಗೆ ಏನೋ ಚುಚ್ಚಿತು. ಆದರೆ ಆಟೋ ಖಾಲಿಯಾದ ಖುಷಿಯ ಮುಂದೆ ಅದು ನಿಲ್ಲಲಿಲ್ಲ.

ಸಂಜೆ ನಂಜನಗೂಡಿನ ಮನೆಗೆ ಬಂದವರೇ ಕಾಗದವನ್ನು ಹೆಂಡತಿಯ ಮುಂದಿಟ್ಟರು. ನಯನಾಳ ಮೊಬೈಲು ಚಾರ್ಜಿಗಿತ್ತು. ಬೆಳಿಗ್ಗೆಯಿಂದ ತೌರಿನವರ ಫೋನು ಬಂದು ಬಂದು ಅದರ ಜೀವ ಹೋಗಿತ್ತು.

ಬಸವಪ್ರಸಾದ್: ಒಂದು ಕ್ಯಾನೂ ಉಳೀಲಿಲ್ಲ. ಕ್ಯಾಷ್. ಹಾಕು ಸೈನು.

ನಯನ: ಅಕ್ಕಿ ಮೂಟೆ ಯಾತಕ್ಕೆ ಕೊಟ್ರು?

ಬಸವಪ್ರಸಾದ್: ಪ್ರೀತಿಗೆ.

ನಯನ: ಅಮ್ಮ ಬಳೆ ಬಿಚ್ಚಿಕೊಡ್ತೀನಿ, ಫ್ಯಾಕ್ಟರಿ ಉಳಿಸ್ಕೊಳ್ಳಿ ಅಂತ ಅಳ್ತಿದ್ರು. ದೊಡ್ಡಪ್ಪ ಎಲ್ಲಾ ಅಂಗಡಿಗೂ ಫೋನ್ ಮಾಡಿ, ಅಳಿಯಂದ್ರು ಬೀದಿಗೆ ಬಂದವ್ರೆ, ಬಂದಾಗ ಇಲ್ಲ ಅನ್ಬ್ಯಾಡಿ ಅಂತ ಹೇಳಿದಾರಂತೆ.

ಬಸವಪ್ರಸಾದ್ ಕತ್ತಿನ ಟೈ ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಹಬ್ಬಕ್ಕೆ ಹೋದಾಗ ಮೊದಲ ಎಲೆ ಹಾಕಿ ಉಪಚರಿಸುತ್ತಿದ್ದ ಊರು ಅದು. ಅಲ್ಲಿ ತಮ್ಮನ್ನು ಕಂಡು ಮನೆಮನೆಯವರೂ ಮರುಗಿದರಲ್ಲ ಎಂದು ನೆನೆದು ಅವರಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಆದರೂ ಹೆಂಡತಿಯ ಎದುರು ಬಿಟ್ಟುಕೊಡುವುದುಂಟೆ.

ಬಸವಪ್ರಸಾದ್: ಹೆಂಗಾದ್ರೇನು, ಮಾರಾಟ ಆಯ್ತಲ್ಲ. ಮಾತಂದ್ರೆ ಮಾತು.

ನಯನ ಪೆನ್ನು ತೆಗೆದುಕೊಂಡಳು. ಕಾಗದದಲ್ಲಿ ಒಂದೆರಡು ಕಡೆ ಗೀಟು ಎಳೆದು, ಏನೋ ಬರೆದು, ಕೆಳಗೆ ಪೂರ್ತಿ ಹೆಸರಿನಲ್ಲಿ ಸಹಿ ಹಾಕಿ ಗಂಡನ ಕೈಗೆ ಕೊಟ್ಟಳು. ಸೋಮವಾರದಿಂದ ಆಫೀಸಿನ ಕುರ್ಚಿಗೆ ನಂಜೇಶ, ಟಿ. ನರಸೀಪುರದ ಲೈನಿಗೆ ಬಸವಪ್ರಸಾದ್ ಎಂದಿತ್ತು.

ಬಸವಪ್ರಸಾದ್: ಇದೇನೇ ಇದು?

ನಯನ: ಇಷ್ಟೊಂದು ಮಾರೋರ್ನ ಒಳಗೆ ಕೂರ್ಸಿದ್ರೆ ಕಂಪ್ನಿಗೆ ಲಾಸು ಕಣ್ರೀ. ಓನರಾಗಿ ನಾನು ಅಷ್ಟೂ ನೋಡ್ಬಾರ್ದಾ?

ಬಸವಪ್ರಸಾದ್: ಆ ಊರಿಗೆ ಇನ್ನು ಯಾವ ಮುಖ ಇಟ್ಕೊಂಡು ಹೋಗ್ಲಿ ನಯನಾ?

ನಯನ: ಇದೇ ಮುಖ ಚೆನ್ನಾಗಿ ಮಾರ್ತಿದೆ. ಸೋಮವಾರದವರೆಗೂ ಗಡ್ಡ ಒಂದು ತೆಗೀಬೇಡಿ.