ಮಾವನ ಆಟಕ್ಕೆ ಮುಂದೆ ಭಾರಿ ಕಾಲವಂತೆ

ನಮ್ಮ ಸೋದರಮಾವನಿಗೆ ಭವಿಷ್ಯ ಗೊತ್ತು. ನಗಬೇಡಿ, ನಿಜವಾಗಿಯೂ ಗೊತ್ತು! ಅವರು ಯಾವುದನ್ನು ಹಿಡಿದು "ಇದಕ್ಕೆ ಮುಂದೆ ಭಾರಿ ಕಾಲ ಬತ್ತದೆ" ಎನ್ನುತ್ತಾರೋ ಅದರ ಕಾಲ ಅಲ್ಲಿಗೆ ಮುಗಿಯಿತು ಎಂದು ಹೊಳೆನರಸೀಪುರದವರೆಲ್ಲ ಲೆಕ್ಕ ಹಾಕಿಕೊಳ್ಳುತ್ತಾರೆ. ವೆನಿಲ್ಲಾ ಬಳ್ಳಿ ಹಬ್ಬಿಸಿದರು, ಕೊಳ್ಳುವವರು ನಾಪತ್ತೆಯಾದರು. ಎಮು ಪಕ್ಷಿ ಸಾಕಿದರು, ಪಕ್ಷಿಗಳು ಮಾವನನ್ನೇ ಗದ್ದೆಬಯಲೆಲ್ಲ ಅಟ್ಟಾಡಿಸಿದವು. ಇದಕ್ಕೆಲ್ಲ ಮುಂಚೆ ಬಸ್‌ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತ್ ಇಟ್ಟಿದ್ದರು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಇನ್ನು ಮುಂದೆ ಇದರದೇ ಕಾಲ ಎಂದು ತೇಗದ ದೊಡ್ಡ ಮೇಜು ಮಾಡಿಸಿದರು ನೋಡಿ, ಊರವರ ಜೇಬಿಗೆಲ್ಲ ಮೊಬೈಲ್ ಬಂತು. ಬೂತು ಮುಚ್ಚಿ ಮೇಜು ಮನೆಯ ಪಡಸಾಲೆ ಸೇರಿತು.

ಬೂತಿನ ಹೆಸರೆತ್ತಿದರೆ ನಮ್ಮಮ್ಮ ಮುಖ ತಿರುಗಿಸುತ್ತಾಳೆ. ಅಮ್ಮ ಮಾವನ ತಂಗಿ, ನಾವಿರುವುದು ಚನ್ನರಾಯಪಟ್ಟಣದಲ್ಲಿ. ಬೂತ್ ಇದ್ದ ಕಾಲದಲ್ಲೇ ಅಜ್ಜಿ, ಅಂದರೆ ಇವರಿಬ್ಬರ ತಾಯಿ, ಮಾವನ ಮನೆಯಲ್ಲಿ ತೀರಿಕೊಂಡಳು. ನಮ್ಮ ಪಕ್ಕದ ಮನೆಯಲ್ಲಿ ಫೋನಿತ್ತು, ನಂಬರು ಮಾವನಿಗೆ ಬಾಯಿಪಾಠವಿತ್ತು. ಆದರೂ ಅವರು ಆಳಿನ ಕೈಲಿ ಸುದ್ದಿ ಕಳಿಸಿದರು. ಆಳು ಬಸ್ಸು ಹಿಡಿದು, ಮನೆ ಹುಡುಕಿ, ಅಮ್ಮ ಹೊರಟು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹೆತ್ತ ತಾಯಿಯ ಮುಖ ಕೊನೆಗೊಮ್ಮೆ ನೋಡಲು ಸಿಗಲಿಲ್ಲ.

"ಊರೋರ್ಗೆಲ್ಲ ಫೋನ್ ಮಾಡ್ಸೋನು ನಂಗೊಂದ್ ಫೋನ್ ಮಾಡ್ಲಿಲ್ಲ" ಎನ್ನುವುದು ಅಮ್ಮನ ಪಲ್ಲವಿ. ಆವತ್ತು ಬೆಳಿಗ್ಗೆ ಯಾವನೋ ಫೋನ್ ಮಾಡಿ, ಇವಳು ಪಕ್ಕದ ಮನೆಗೆ ಓಡಿ ಹಲೋ ಎಂದರೆ ಮಾತಾಡದೆ ಇಟ್ಟನಂತೆ. ಆ ಪೋಲಿಗಿದ್ದ ನೆನಪೂ ಸ್ವಂತ ಅಣ್ಣನಿಗಿಲ್ಲವಲ್ಲ ಎಂದು ಬೇರೆ ಸೇರಿಸುತ್ತಾಳೆ. ಅಂದಿನಿಂದ ಅಣ್ಣ ತಂಗಿಗೆ ಮಾತಿಲ್ಲ. ಮದುವೆ ಮನೆಗಳಲ್ಲಿ ಎದುರುಬದುರು ಕೂತರೂ ನಡುವೆ ನಾನೇ ಎಸ್‌ಟಿಡಿ. ಕಾಫಿ ಆರುತ್ತದೆ ಎಂದು ನಿಮ್ಮ ಮಾವನಿಗೆ ಹೇಳು, ಎಂದು ಅಮ್ಮ. ನಾನು ಹೇಳಬೇಕು. ಕುಡಿಯುತ್ತೇನೆ ಅನ್ನು, ಎಂದು ಮಾವ. ಅದನ್ನೂ ನಾನೇ ತಲುಪಿಸಬೇಕು. ಇಬ್ಬರಿಗೂ ಕಿವಿ ಚುರುಕಾಗಿಯೇ ಇದೆ!

ಇಂಥ ಮಾವ ಒಮ್ಮೆ ಹಾಸನದಲ್ಲಿ ನೆಂಟರ ಮನೆಗೆ ಹೋದಾಗ ಮಹಡಿಯ ಮೇಲೆ ಬಾಡಿಗೆಗಿದ್ದ ಎಂಜಿನಿಯರಿಂಗ್ ಹುಡುಗರು ಏನೋ ಆಡುತ್ತಿದ್ದುದನ್ನು ಕಂಡರು. ರೋಲ್ ಪ್ಲೇಯಿಂಗ್ ಗೇಮ್ ಅಂತೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಗೆಲುವೋ ಸೋಲೋ ಎನ್ನುವಲ್ಲಿ ದಾಳ ಉರುಳಿಸುತ್ತಾರೆ. ನೆಂಟರನ್ನು ಮಾತಾಡಿಸದೆಯೇ ಮಾವ ಊರಿಗೆ ಬಂದರು. ಬಂದವರೇ ಬೂತಿನ ಮೇಜು ಒರೆಸಿ, ದಾಳದ ಬದಲಿಗೆ ಚೌಕಾಬಾರದ ಕವಡೆ ಇಟ್ಟುಕೊಂಡು ಭವಿಷ್ಯ ನುಡಿದೇಬಿಟ್ಟರು.

"ಫೋನ್ ನೋಡಿ ನೋಡಿ ಜನಕ್ಕೆ ಸಾಕಾಯ್ತದೆ ಕಣ್ಲಾ. ಎದುರ್ಗೊಂದು ಮನುಸನ ಮಕ ಕಂಡ್ರೆ ಸಾಕು ಅನ್ನೋ ಕಾಲ ಬತ್ತದೆ. ಆಗ ನೋಡು, ಆಸ್ನ, ಅರಕಲಗೂಡು, ಎಲ್ಲಾ ಕಡೆ ಇದೇ ಆಟ!"

ಅಯ್ಯೋ ಪಾಪ, ಈ ಆಟದ ಕಥೆಯೂ ಮುಗಿಯಿತು ಎಂದುಕೊಂಡೆ. ಆದರೂ ಭಾನುವಾರ ಭಾನುವಾರ ಹೋಗುತ್ತಿದ್ದೆ. ಬೇರೆ ಯಾರು ಹೋಗುತ್ತಾರೆ? ನನ್ನ ಜೊತೆಗೆ ಊರಿನ ಒಬ್ಬ ತೆಂಗಿನಕಾಯಿ ವ್ಯಾಪಾರಿ, ಮಲ್ಲಿಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದ ರಿಟೈರ್ಡ್ ಪಿ.ಟಿ. ಮೇಷ್ಟ್ರು. ಕಥೆ ನಡೆಸುವುದು ಮಾವ, ಆಟದಲ್ಲಿ ಮೇಷ್ಟ್ರೇ ನಮ್ಮ ಸೇನಾಪತಿ.

ಮೊದಲ ಯುದ್ಧವೇ ನೆಟ್ಟಗಾಗಲಿಲ್ಲ. ರಾಕ್ಷಸ ಬಂದ. ರಾಕ್ಷಸನೂ ಮಾವನೇ. ಕತ್ತಿ ಎತ್ತುವ ಮುಂಚೆ ಕಾಯಿ ವ್ಯಾಪಾರಿ ವಾಡಿಕೆಯಂತೆ, ಯಾವೂರಾಯ್ತು, ಯಾರ ಪೈಕಿ, ಎಂದು ವಿಚಾರಿಸಿದರು. ಮಾವ ಮೈಮರೆತು ಶಾಂತಿಗ್ರಾಮದ ಕಡೆ ಅಂದುಬಿಟ್ಟರು. ಕೆದಕಿ ನೋಡಿದರೆ ರಾಕ್ಷಸ ವ್ಯಾಪಾರಿಯ ಹೆಂಡತಿ ಕಡೆಯಿಂದ ನೆಂಟ! ನೆಂಟನನ್ನು ಕೊಲ್ಲುವುದುಂಟೆ? ಸಂಜೆಯವರೆಗೂ ರಾಕ್ಷಸನ ಮಗಳಿಗೆ ಗಂಡು ನೋಡಿ ಎದ್ದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಪಿ.ಟಿ. ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು. ಹಿಂದಿನ ಭಾನುವಾರದ ಆಟದಲ್ಲಿ ಅವರ ಸೇನಾಪತಿ ಒಬ್ಬನೇ ಗುಹೆಯೊಳಗೆ ಹೋಗಿದ್ದ. ಮಾವ ಕಥೆ ಮುಂದುವರಿಸಲು ಒಪ್ಪಲಿಲ್ಲ. ಅವರನ್ನು ಒಳಗೇ ಬಿಟ್ಟು ಹೇಗೆ ಹೋಗುವುದು ಎನ್ನುತ್ತಿದ್ದರು. ವಾರ ವಾರವೂ ನಾವು ಗುಹೆಯ ಬಾಗಿಲಲ್ಲಿ ಸುಮ್ಮನೆ ಕೂತು, ಅತ್ತೆ ಕೊಟ್ಟ ಕಾಫಿ ಕುಡಿದು ಏಳುತ್ತಿದ್ದೆವು. ಮಾವ ಕೊರಗಿ ಸೊರಗಿದರು. ಕೊನೆಗೊಂದು ದಿನ ಖಾಲಿ ಕುರ್ಚಿ ನೋಡುತ್ತಾ, ನಿಮ್ಮವ್ವ ಬತ್ತದಾ ಕೇಳು, ಎಂದರು. ಅಷ್ಟು ವರ್ಷಗಳಲ್ಲಿ ಅವರು ಅಮ್ಮನನ್ನು ಕರೆದದ್ದು ಅದೇ ಮೊದಲು.

ಅವನ ಹತ್ತಿರ ನಾನು ಮಾತಾಡುವುದಿಲ್ಲ ಎಂದಳು ಅಮ್ಮ. ಅಲ್ಲಿ ಮಾವ ಇರುವುದೇ ಇಲ್ಲ, ಬರೀ ರಾಜ, ರಾಕ್ಷಸ ಇಂಥವರೇ ಎಂದೆ. ಅಮ್ಮ ಯೋಚಿಸಿ, ರಾಕ್ಷಸನಾದರೆ ವಾಸಿ ಎಂದು ಸೆರಗು ಸರಿಮಾಡಿಕೊಂಡಳು.

ಮೇಷ್ಟ್ರ ಕುರ್ಚಿಯಲ್ಲಿ ಕೂತ ಅಮ್ಮನಿಗೆ ಯಾವ ಪಾತ್ರ ಬೇಕು ಎಂದು ಕಾಯಿ ವ್ಯಾಪಾರಿ ಕೇಳಿದರು. ನಾನು ನಾನೇ, ಎಂದಳು. ಮಾವ ಕಥೆ ಎತ್ತಿಕೊಂಡರು. ಗುಹೆಯ ಪಕ್ಕದಲ್ಲೊಂದು ಗುಡಿಸಲು, ಒಳಗೆ ಒಲೆ ಊದುತ್ತಿರುವ ಮುದುಕಿ. ಮುದುಕಿ ತಲೆಯೆತ್ತಿ, ಬಿಸಿಲಲ್ಲಿ ಬಂದಿದ್ದೀಯ, ಮೊದಲು ಮಜ್ಜಿಗೆ ಕುಡಿ ಮಗ, ಎಂದಳು. ಮಾವ ಬೇಕೆಂದೇ ಮಾಡಿದರೋ ತಾನಾಗಿ ಬಂತೋ ಗೊತ್ತಿಲ್ಲ. ಆ ರಾಗ ಥೇಟ್ ನಮ್ಮ ಅಜ್ಜಿಯದು.

ಕವಡೆ ಆಡಿಸುತ್ತಿದ್ದ ಅಮ್ಮನ ಕೈ ನಿಂತಿತು. ಮುದುಕಿಯನ್ನೇ ನೋಡುವಂತೆ ಮಾವನನ್ನು ನೋಡಿದಳು.

"ನಾನ್ ಬರೋಗಂಟ ನಿನ್ನ ಮಡಿಕಬಾರದಿತ್ತಾ ಅವ್ವ? ನಿನ್ ಮಗ ನಂಗ್ಯಾಕೆ ಫೋನ್ ಮಾಡ್ಲಿಲ್ಲ?"

ರಾಜ, ಮಂತ್ರಿ, ರಾಕ್ಷಸ, ಯಾರ ಬಾಯಲ್ಲಾದರೂ ತಡೆಯಿಲ್ಲದೆ ಮಾತಾಡುವ ಮಾವ ಕಾಫಿ ಲೋಟ ಎತ್ತಿ, ಕುಡಿಯದೆ ಮೇಜಿನ ನಡುವೆ ಇಟ್ಟರು. ವ್ಯಾಪಾರಿ ದಿಕ್ಕು ತೋಚದೆ ಕವಡೆಗಳನ್ನು ಮಾವನ ಕಡೆ ತಳ್ಳಿದರು. ಮಾವ ಅವನ್ನು ಪಕ್ಕಕ್ಕೆ ಸರಿಸಿ, ಮೇಜು ನೋಡುತ್ತಾ, ಮುದುಕಿಯ ದನಿಯಲ್ಲೇ ಹೇಳಿದರು.

"ಮಾಡ್ದ ಕಣವ್ವ. ಪಕ್ಕದ್ಮನೆಯೋರು ನಿನ್ನ ಕರುದ್ರು. ನೀನು ಓಡ್ಬಂದು ಅಲೋ ಅಂದೆ. ಅವ್ವ ಓಗ್ಬುಟ್ಲು ಅಂತ ನಿಂಗೆ ಏಳಕ್ಕೆ ಅವ್ನಿಗೆ ಬಾಯೇ ಬರ್ಲಿಲ್ಲ. ಫೋನ್ ಮಡುಗ್ಬುಟ್ಟ. ಆಮೇಕೆ ಆಳು ಕಳ್ಸ್ದ."

ಅಮ್ಮ ಮೇಜಿನತ್ತ ಬಾಗಿ ಕೇಳಿದಳು.

"ಅದು ನೀನಾ ಅಣ್ಣ?"

ಮಾವ ಹೌದೆಂದು ತಲೆಯಾಡಿಸಿದರು. ಹಾಗೆ ತಲೆಯಾಡಿಸಿದ್ದು ಮುದುಕಿಯಲ್ಲ, ಮಾವನೇ. ಸೇನಾಪತಿ ಇನ್ನೂ ಗುಹೆಯಲ್ಲೇ ಇದ್ದ, ಆಟ ಅಲ್ಲಿಗೇ ನಿಂತಿತು. ಮಾವ ಹೇಳಿದ ಭವಿಷ್ಯ ಒಂದೂ ಫಲಿಸಿಲ್ಲ, ಮನುಷ್ಯರ ಮುಖ ಕಂಡರೆ ಸಾಕು ಅನ್ನುವ ಇದೊಂದಾದರೂ ಫಲಿಸಲಿ ದೇವರೇ ಎಂದುಕೊಂಡೆ. ಕಣ್ಣೊರೆಸಿಕೊಂಡ ಅಮ್ಮ ಮಾವನ ಲೋಟದ ಕಡೆ ನೋಡಿದಳು. ಕಾಫಿ ಕೆನೆಗಟ್ಟಿತ್ತು. ರೂಢಿಯಂತೆ ನಾನು "ಮಾವ..." ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅಮ್ಮನೇ ಲೋಟವನ್ನು ಮೇಜಿನ ಆ ಕಡೆಗೆ ಸರಿಸಿ, "ಆರೋಯ್ತದೆ, ಕುಡಿ" ಎಂದಳು.