ಮಾಮ ಮಂಚದ ವ್ಯಾನು ನೋಡಿದ್ದು

ಬ್ರಹ್ಮದೇವರೇ ಎದುರು ನಿಂತು ತಾನು ಮಾಡಿದ ಸೃಷ್ಟಿಯನ್ನು ತೋರಿಸಿದ್ದರೂ ನನ್ನ ಸೋದರಮಾವ ಅದನ್ನು ಪಾಸು ಮಾಡುತ್ತಿರಲಿಲ್ಲ! "ಕಣ್ಣು ಮೂಗು ಎಲ್ಲಾ ಸರಿ ಸ್ವಾಮಿ, ಮೊಣಕಾಲಿನ ಫಿಟ್ಟಿಂಗ್ ಮಾತ್ರ ಸಡಿಲ. ಐವತ್ತು ವರ್ಷಕ್ಕೇ ಶಬ್ದ ಬರತ್ತೆ" ಎಂದು ವಾಪಸು ಕಳಿಸುತ್ತಿದ್ದರು.

ಎಂಬತ್ತರ ದಶಕದ ಮಾತು. ಮಾಮ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಕಬ್ಬಿಣದ ಬಿಡಿಭಾಗಗಳನ್ನು ಅಳೆಯುವುದು, ಸರಿಯಿಲ್ಲದ್ದಕ್ಕೆ ಕೆಂಪು ಗುರುತು ಹಾಕುವುದು, ಇದೇ ಅವರ ಕೆಲಸ. ಸೈರನ್ ಕೂಗಿದ ಮೇಲೆ ಉಳಿದವರು ಮನೆಗೆ ಹೋಗುತ್ತಿದ್ದರು. ಮಾಮ ಮನೆಗೆ ಬಂದು ಕೆಲಸ ಮುಂದುವರಿಸುತ್ತಿದ್ದರು. ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಸೀಮೆಸುಣ್ಣ. ಒಮ್ಮೆ ಕಲ್ಲಂಗಡಿ ಕೊಳ್ಳಲು ಹೋದವರು ರಾಶಿಯನ್ನೆಲ್ಲ ತಟ್ಟಿ ನೋಡಿ, ಅಭ್ಯಾಸಬಲದಿಂದ ಒಂದೊಂದಕ್ಕೂ ಗುರುತು ಹಾಕಿಬಿಟ್ಟರು. ಮಾರುವವಳು ಸುಮ್ಮನಿರುತ್ತಾಳೆಯೇ? "ಅಣ್ಣ, ಬ್ಯಾಡಾಂದ್ರೆ ಬ್ಯಾಡ ಅನ್ನು. ಇಂಗೆ ಗೀಚಿದ್ರೆ ನಾಳೆ ಯಾರು ತಗಂತಾರೆ?" ಎಂದು ಬೀದಿ ತುಂಬ ಕೂಗಾಡಿದಳು. ನನ್ನ ತಂಗಿಗೆ ಗಂಡು ನೋಡಲು ದಾವಣಗೆರೆಗೆ ಹೋದಾಗಲೂ ಇದೇ ಕಥೆ. ಬೀಗರು ಉಪ್ಪಿಟ್ಟು ಕೊಡುತ್ತಿದ್ದರೆ ಇವರು ಎದ್ದು ಹೋಗಿ ಅವರ ಮುಂಬಾಗಿಲನ್ನು ತೆರೆದು ಮುಚ್ಚಿ ನೋಡುತ್ತಿದ್ದರು. "ಹುಡುಗ ಪರವಾಗಿಲ್ಲ. ಬಾಗಿಲು ಅರ್ಧ ಇಂಚು ವಾಲಿದೆ." ಪುಣ್ಯಕ್ಕೆ ನಾವು ಸಂಬಂಧ ಬೆಳೆಸಿದ್ದು ಹುಡುಗನ ಜೊತೆ!

ಇಷ್ಟಾದರೂ ನಮ್ಮ ಮನೆತನದಲ್ಲಿ ಮಾಮ ನೋಡದೆ ಯಾರೂ ಹಳೆಯ ಸಾಮಾನು ಕೊಳ್ಳುವಂತಿರಲಿಲ್ಲ. ನಮ್ಮಪ್ಪ ಒಂದೇ ಒಂದು ಸಲ ಆ ಪದ್ಧತಿ ಮುರಿದು ಹಳೆಯ ಸ್ಕೂಟರ್ ಕೊಂಡಿದ್ದರು. ಅದು ನಮ್ಮ ಮನೆಗೆ ಬಂದದ್ದು ಎತ್ತಿನ ಗಾಡಿಯ ಮೇಲೆ.

ಆ ವರ್ಷ ತಂಗಿ ಚೊಚ್ಚಲ ಬಸುರಿ. ತವರಿಗೆ ಕರೆತರಬೇಕು ಎನ್ನುವಷ್ಟರಲ್ಲಿ ಡಾಕ್ಟರು, ಪ್ರಯಾಣ ಕೂಡದು, ಮಂಚ ಬಿಟ್ಟು ಏಳಬಾರದು ಎಂದುಬಿಟ್ಟರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಅಲ್ಲಿಗೆ ಹೋಗಬೇಕು. ಆದರೆ ಹೋಗಬೇಕಾದ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮೂಳೆ ಕೂಡಿದ್ದರೂ ಸ್ವಲ್ಪ ಹೊತ್ತು ಕೂತರೆ ಕಣ್ಣಲ್ಲಿ ನೀರು. ಎಡಮಗ್ಗುಲಾಗಿ ಮಲಗಿದರೆ ಮಾತ್ರ ನೆಮ್ಮದಿ. ಬಸ್ಸು ಸಾಧ್ಯವಿಲ್ಲ, ಟ್ಯಾಕ್ಸಿ ಸಾಧ್ಯವಿಲ್ಲ. ಆಂಬುಲೆನ್ಸ್ ಎಂದದ್ದಕ್ಕೆ ಅಮ್ಮ, "ಬಾಣಂತನಕ್ಕೆ ಯಾರಾದ್ರೂ ಆಂಬುಲೆನ್ಸಲ್ಲಿ ಹೋಗ್ತಾರೇನೋ? ಬಿಡ್ತು ಅನ್ನು!" ಎಂದು ಗದರಿದಳು. ಗದರಿದ ಮೇಲೆ ಗೋಡೆಯ ಕಡೆ ತಿರುಗಿ ಅತ್ತಳು. ದಿನ ಹತ್ತಿರ ಬರುತ್ತಿತ್ತು. ನನಗೆ ಅನ್ನ ರುಚಿಸುತ್ತಿರಲಿಲ್ಲ.

ಅಷ್ಟರಲ್ಲಿ ವೈಟ್‌ಫೀಲ್ಡಿನ ಆಂಗ್ಲೋ-ಇಂಡಿಯನ್ ಮುದುಕರೊಬ್ಬರು ಮಂಚವಿರುವ ವ್ಯಾನು ಮಾರುತ್ತಾರೆಂದು ಸುದ್ದಿ ಬಂತು. ಹೆಂಡತಿಯ ಜೊತೆ ಊರೂರು ಸುತ್ತಲು ಒಳಗೆ ಮಂಚ, ಸ್ಟವ್, ಪರದೆ ಎಲ್ಲ ಕೂರಿಸಿದ್ದರಂತೆ. ಹೆಂಡತಿ ತೀರಿಹೋದ ಮೇಲೆ ಮಗಳಿರುವ ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಸಂಜೆ ಇನ್ನೊಬ್ಬ ಗಿರಾಕಿ ಬರುವವನಿದ್ದ. ಅಷ್ಟರೊಳಗೆ ಮಾಮ ಹೂಂ ಅನ್ನಬೇಕು. ಹುಟ್ಟಿದಾಗಿನಿಂದ ಹೂಂ ಅನ್ನದ ಮನುಷ್ಯ!

ಎರಡು ಬಸ್ಸು ಬದಲಿಸಿ ಹೋದೆವು. ಮಾಮನ ಚೀಲದಲ್ಲಿ ಟಾರ್ಚು, ಅಯಸ್ಕಾಂತ, ಉದ್ದನೆಯ ಸ್ಕ್ರೂಡ್ರೈವರ್, ಬಿಳಿ ಕರವಸ್ತ್ರ. ಮುದುಕರು ಮೊದಲೇ ಹೇಳಿದರು: "ಮೀಟರ್ ನೋಡ್ಬೇಡಿ. ಎರಡು ಸಲ ಪೂರ್ತಿ ತಿರುಗಿ ಸೊನ್ನೆಗೆ ಬಂದಿದೆ. ಗಾಡಿ ತುಂಬಾ ಓಡಿದೆ."

ನನಗೆ ಆ ಪ್ರಾಮಾಣಿಕತೆ ಕಂಡು ಖುಷಿಯಾಯಿತು. ಮಾಮ ನನ್ನನ್ನು ಪಕ್ಕಕ್ಕೆ ಎಳೆದು, "ಇಷ್ಟು ನಿಜ ಹೇಳ್ತಿದಾರೆ ಅಂದ್ರೆ ಇನ್ನೇನೋ ದೊಡ್ಡದು ಮುಚ್ಚಿಟ್ಟಿದಾರೆ ಕಣೋ" ಎಂದರು.

ಶುರುವಾಯಿತು ತಪಾಸಣೆ. ಮೈಯುದ್ದಕ್ಕೂ ಅಯಸ್ಕಾಂತ ಆಡಿಸಿದರು. ಅದು ಅಂಟದ ಕಡೆ ತುಕ್ಕಿಗೆ ಮೆತ್ತಿದ ಪುಟ್ಟಿ ಎಂದು ಲೆಕ್ಕ. ಒಂದು ಗುರುತು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ ಕೇಳಿದರು. ಇನ್ನೊಂದು ಗುರುತು. ಹೊಗೆಕೊಳವೆಗೆ ಕರವಸ್ತ್ರ ಹಿಡಿದರು, ಎಣ್ಣೆಯ ಕಲೆ ಮೂಡಿತು. ಮತ್ತೊಂದು! ಬಾಗಿಲಿಗೆ, ಚಕ್ರಕ್ಕೆ, ಬಂಪರಿಗೆ. ವ್ಯಾನು ನೋಡನೋಡುತ್ತ ಕೆಂಪಾಯಿತು. ಚಹಾ ತಂದ ಮುದುಕರು ಅದನ್ನು ನೋಡಿ ಭಕ್ತಿಯಿಂದ, "ಪೂಜೆ ಮಾಡ್ತಿದಾರಾ?" ಎಂದು ಕೇಳಿದರು.

"ಹೌದು ಸಾರ್," ಎಂದೆ. ಬೇರೇನು ಹೇಳಲಿ?

ಗಂಟೆ ಮೂರಾಯಿತು. ಗೇಟಿನಲ್ಲಿ ಸದ್ದಾದರೆ ಸಾಕು, ಆ ಇನ್ನೊಬ್ಬ ಗಿರಾಕಿಯೇ ಬಂದನೆಂದು ತಿರುಗಿ ನೋಡುತ್ತಿದ್ದೆ. ಆಗ ಮಾಮ ಚಪ್ಪಲಿ ಬಿಟ್ಟು ವ್ಯಾನಿನ ಒಳಗೆ ಹತ್ತಿ, ಮಂಚದ ಮೇಲೆ ಮಲಗಿಬಿಟ್ಟರು!

"ಮಾಮ, ಸುಸ್ತಾಯ್ತಾ?"

"ಓಡ್ಸು. ಗುಂಡಿ ತಪ್ಪಿಸ್ಬೇಡ. ಹುಡುಕ್ಕೊಂಡು ಹೋಗಿ ಇಳಿಸು."

ಆ ಕಡೆಯ ರಸ್ತೆಗಳಲ್ಲಿ ಗುಂಡಿ ಹುಡುಕುವ ಕಷ್ಟವೇ ಇರಲಿಲ್ಲ. ಧಡಬಡ ಎಂದು ಓಡಿಸಿದೆ. ಕನ್ನಡಿಯಲ್ಲಿ ನೋಡಿದೆ. ಮಾಮ ಎಡಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ, ಮೊಣಕಾಲು ಮಡಚಿ ಮಲಗಿದ್ದರು. ಥೇಟ್ ಅಮ್ಮ ಮಲಗುವ ಹಾಗೆ. ಗುಂಡಿ ಬಂದಾಗಲೆಲ್ಲ ಮೈ ಮುದುರುತ್ತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ಇನ್ನೊಂದು ರೌಂಡ್ ಹೋಗು" ಎಂದರು. ಹೋದೆ.

ಇಳಿದು ಅಂಗಿ ಸರಿಮಾಡಿಕೊಂಡು ತೀರ್ಪು ಕೊಟ್ಟರು: "ಕ್ಲಚ್ ಮುಗಿದಿದೆ. ಎಂಜಿನ್ ಎಣ್ಣೆ ಕುಡಿಯತ್ತೆ. ದಾರೀಲಿ ನಿಲ್ಲೋದು ಗ್ಯಾರಂಟಿ. ಬೀಳದೆ ಇರ್ಲಿ ಅಂತ ಮಂಚದ ಅಂಚಿಗೆ ಹಲಗೆ ಹೊಡೆದಿದಾರಲ್ಲ, ಗುಂಡಿ ಬಂದ್ರೆ ಅದು ಸೊಂಟಕ್ಕೆ ಬಡಿಯತ್ತೆ."

"ಹಾಗಾದ್ರೆ ಬೇಡ್ವಾ ಮಾಮ?"

"ಹಲಗೆ ಕಿತ್ರೆ ಅಕ್ಕ ಉರುಳಿ ಬೀಳ್ತಾಳೆ. ದಿಂಬು ಇಟ್ರೆ ಜಾರಿಹೋಗತ್ತೆ, ನಂಬೋಕಾಗಲ್ಲ." ಕರವಸ್ತ್ರ ಮಡಚುತ್ತ ನನ್ನ ಮುಖ ನೋಡದೆ ಹೇಳಿದರು: "ನಾನು ಕೆಳಗೆ ಕೂತು ಕೈ ಅಡ್ಡ ಇಡ್ತೀನಿ. ತಗೋ, ಮುದುಕರಿಗೆ ಅಡ್ವಾನ್ಸ್ ಕೊಡು."

ದಾವಣಗೆರೆಯ ದಾರಿಯಲ್ಲಿ ವ್ಯಾನು ತುಮಕೂರು ದಾಟಿ ಒಮ್ಮೆ, ಹಿರಿಯೂರಿನ ಬಳಿ ಒಮ್ಮೆ ನಿಂತಿತು. ಎರಡು ಸಲವೂ ಮಾಮ, "ನಾನು ಹೇಳ್ಲಿಲ್ವಾ?" ಎಂದು ಖುಷಿಪಟ್ಟರು. ಆದರೆ ಕೂತ ಜಾಗ ಬಿಟ್ಟು ಏಳಲಿಲ್ಲ. ಅಮ್ಮನ ಬೆನ್ನ ಹಿಂದೆ, ಹಲಗೆಗೂ ಸೊಂಟಕ್ಕೂ ನಡುವೆ ಅವರ ಬಲಗೈ ಇತ್ತು. ಅಮ್ಮ ಶಿರಾ ದಾಟುವ ಹೊತ್ತಿಗೆ ನಿದ್ದೆ ಹೋಗಿದ್ದಳು.

ತಂಗಿ ಮಲಗಿದಲ್ಲಿಂದಲೇ ಅಮ್ಮನ ಕೈ ಹಿಡಿದು, "ಗಾಡೀಲಿ ತುಂಬಾ ನೋವಾಯ್ತೇನಮ್ಮ?" ಎಂದಳು.

"ಎಲ್ಲಿಯ ನೋವೇ! ತೊಟ್ಟಿಲಲ್ಲಿ ಮಲಗಿದ ಹಾಗಿತ್ತು. ಒಳ್ಳೇ ಗಾಡಿ. ಇವನೊಬ್ಬ, ಎಲ್ಲದಕ್ಕೂ ತಪ್ಪು ಹುಡುಕ್ತಾನೆ" ಎಂದಳು ಅಮ್ಮ.

ಊಟಕ್ಕೆ ಕೂತಾಗ ಮಾಮ ಚಮಚ ಬೇಕೆಂದರು. ಬೀಗರು ಮುಸಿಮುಸಿ ನಕ್ಕರು. "ಮಾಮ ವ್ಯಾನಲ್ಲಿ ಬಂದು ದೊರೆ ಆಗ್ಬಿಟ್ರು!" ಎಂದು ತಂಗಿ ಒಳಗಿನಿಂದ ಛೇಡಿಸಿದಳು. ಅಮ್ಮನೂ ಮನಸಾರೆ ನಕ್ಕಳು. ಮಾಮನೂ ನಗುತ್ತ, ಬೆರಳು ಮಡಚಲಾಗದಂತೆ ಊದಿದ ಬಲಗೈಯನ್ನು ಪಂಚೆಯ ಮಡಿಕೆಯಲ್ಲಿ ಅಮ್ಮನಿಗೆ ಕಾಣದಂತೆ ಇಟ್ಟುಕೊಂಡು, ಎಡಗೈಯಲ್ಲಿ ಚಮಚ ಹಿಡಿದು ಊಟ ಮುಗಿಸಿದರು.